ಚಿಲಿಯಲ್ಲಿ ತುಂಬಿದ ಉಡಿ

ವಿಮಾನದ ಬಗ್ಗೆ ದಯವಿಟ್ಟು ಕೇಳಬೇಡಿ. ತಿರುಗಿ ಬಂದಾಗಿನಿಂದ ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಎದುರಾದವರೆಲ್ಲ ಅದನ್ನೇ ಕೇಳಿದ್ದಾರೆ. ಕಿವಿ ಮುಚ್ಚಿತ್ತು, ಕಾಲು ಬಾತಿತ್ತು, ಊಟ ಸಪ್ಪೆ ಇತ್ತು, ಅಷ್ಟೇ. ಬ್ಯಾಡಗಿ ಮಾರ್ಕೆಟ್ಟಿನ ಗೆಳೆಯರು ಮಾತ್ರ ಅಲ್ಲಿನ ಮೆಣಸಿನಕಾಯಿ ಹೇಗಿವೆ ಎಂದು ವಿಚಾರಿಸಿದರು. ಬಣ್ಣ ಇದೆ, ಖಾರ ಇಲ್ಲ ಎಂದೆ. ಅವರಿಗೆ ಸಮಾಧಾನವಾಯಿತು. ನಾನು ಹೇಳಬೇಕಾದ್ದು ಇದ್ಯಾವುದೂ ಅಲ್ಲ. ನಮ್ಮ ಮನೆಯ ಒಂದು ಖಣ, ಒಂದು ಹಿಡಿ ಅಕ್ಕಿಯಿಂದ ಅಲ್ಲಿ ಒಬ್ಬ ಹೆಣ್ಣುಮಗಳು ಜೈಲಿಗೆ ಹೋಗುವ ಹೊತ್ತು ಬಂದಿತ್ತು. ಅದನ್ನು ಹೇಳಬೇಕು.

ನಾನು ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಬೆಳೆ ನೋಡಿಕೊಳ್ಳುವವನು. ಹೆಂಡತಿ ನೀಲಾ ಕುಪ್ಪೇಲೂರಿನ ನಮ್ಮ ಪ್ಲಾಟುಗಳಲ್ಲಿ ಹೆಣ್ಣುಮಕ್ಕಳಿಗೆ ಕ್ರಾಸಿಂಗ್ ಕಲಿಸುತ್ತಾಳೆ. ಅಂದರೆ ಮೆಣಸಿನ ಮೊಗ್ಗನ್ನು ಅರಳುವ ಮುಂಚೆ ಚಿಮುಟದಿಂದ ಬಿಡಿಸಿ, ಒಳಗಿನ ಗಂಡು ಎಳೆಗಳನ್ನು ಕಿತ್ತು, ಬೇರೆ ಗಿಡದ ಪರಾಗ ಮುಟ್ಟಿಸಿ, ಗುರುತಿಗೆ ದಾರ ಕಟ್ಟುವ ಕೆಲಸ. ನಮಗೆ ಚಳಿಗಾಲವಿದ್ದಾಗ ಚಿಲಿ ದೇಶದಲ್ಲಿ ಬೇಸಿಗೆ. ಹಾಗಾಗಿ ಅಲ್ಲಿಯ ಒಂದು ಕಂಪನಿ ನಮಗೆ ಬೀಜ ಬೆಳೆದುಕೊಡಲು ಒಪ್ಪಿತ್ತು. ಎರಡು ಸಾವಿರದ ಆರನೆಯ ಇಸವಿಯಲ್ಲಿ ಸಂಕ್ರಮಣ ಮುಗಿಸಿ ಹೊರಟೆವು. “ಕೆಲಸ ತೋರ್ಸಾಕ ಅಕ್ಕಾರು ಬೇಕು. ಅಕ್ಕಾರ ಚೀಲ ಹೊರಾಕ ನೀವು ಬೇಕು” ಎಂದು ನಮ್ಮ ಮಾಲೀಕರು ನಕ್ಕರು. ನನಗಾಗ ಸಕ್ಕರೆ ಕಾಯಿಲೆ, ಮಂಡಿನೋವು ಎರಡೂ ಇದ್ದವು. ಇಲ್ಲೇ ಹತ್ತಿರದ ಕರ್ಜಗಿಗೆ ಹೋಗಿ ಬಂದರೇ ಮರುದಿನ ಮಲಗುವವನು ನಾನು.

ಸಾಂತಿಯಾಗೊ

ಊರಿನ ಮೊದಲ ಪರಿಚಯ ನಾಯಿಯಿಂದ ಆಯಿತು. ವಿಮಾನ ನಿಲ್ದಾಣದಲ್ಲಿ ಹಸಿರು ಅಂಗಿ ತೊಡಿಸಿದ ಒಂದು ಸಣ್ಣ ನಾಯಿ ಸಾಲಿನುದ್ದಕ್ಕೂ ಮೂಸುತ್ತ ಬಂದು ನೀಲಾಳ ಚೀಲದ ಮುಂದೆ ಕುಳಿತೇಬಿಟ್ಟಿತು. ಎದ್ದೇಳಲೊಲ್ಲದು. ಅಧಿಕಾರಿ ಬಂದು ಚೀಲ ಬಿಚ್ಚಿಸಿದ. ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಶಿಣ ಕೊಂಬು, ಅಕ್ಕಿ, ಬ್ಯಾಡಗಿ ಮೆಣಸಿನಕಾಯಿ ಒಂದೊಂದಾಗಿ ಮೇಜಿನ ಮೇಲೆ ಬಂದವು. ಹೊರಗಿನ ಒಂದು ಕಾಳೂ ಆ ದೇಶದ ಮಣ್ಣಿಗೆ ಬೀಳಬಾರದಂತೆ. ಎಲ್ಲವನ್ನೂ ಡಬ್ಬಕ್ಕೆ ಸುರಿದರು. ಬೀಜದ ಕಂಪನಿಯವನಾಗಿ ನಾನು ಇದನ್ನು ಮೊದಲೇ ಹೇಳಬೇಕಿತ್ತು ಎಂದು ನೀಲಾ ನನ್ನ ಮೇಲೆ ಸಿಟ್ಟಾದಳು.

“ಅಷ್ಟು ದೂರ ಹೋಗಿ ಒಬ್ಬಾಕಿಗೂ ಉಡಿ ತುಂಬದ ಬರೂದೇನು?” ಎಂದಳು.

ಉಳಿದದ್ದು ಕುಂಕುಮದ ಡಬ್ಬಿ ಮತ್ತು ಖಣಗಳ ಕಟ್ಟು. ಯಾರ ಮನೆಗೆ ಹೋದರೂ ಆ ಮನೆಯ ಹೆಂಗಸರಿಗೆ ಕುಂಕುಮ ಹಚ್ಚಿ, ಸೆರಗಿಗೆ ಖಣ, ಅಕ್ಕಿ, ಕಾಯಿ ಹಾಕದೆ ಎದ್ದು ಬರುವ ಪೈಕಿ ಅಲ್ಲ ಅವಳು. ಹಾವೇರಿಗೆ ಕಣ್ಣು ತೋರಿಸಲು ಹೋದಾಗ ಡಾಕ್ಟರ ಹೆಂಡತಿಗೂ ತುಂಬಿ ಬಂದವಳು.

ಹೊರಗೆ ಪುಷ್ಪಾಜಿ ಕಾಯುತ್ತಿದ್ದರು. ಸಿಂಧಿ ಹೆಂಗಸು, ನಮ್ಮದೇ ವಯಸ್ಸು. ಸಾಂತಿಯಾಗೊದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ಅಲ್ಲೇ ಬೇರು ಬಿಟ್ಟವರು. ಅಲ್ಲಿಯವರ ಸ್ಪ್ಯಾನಿಷ್ ಮಾತನ್ನು ನಮಗೆ ಹಿಂದಿಯಲ್ಲಿ ಹೇಳುವುದು ಅವರ ಕೆಲಸ. ನಮ್ಮ ಹಿಂದಿ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಲಿತದ್ದು. ಅವರು ಎರಡು ಸಲ ನಕ್ಕು, ಮೂರನೆಯ ಸಲಕ್ಕೆ ರೂಢಿ ಮಾಡಿಕೊಂಡರು.

ಪರದೆ ಮನೆ

ನಾವು ಉಳಿದ ಊರು ಸಾಂತಿಯಾಗೊದ ದಕ್ಷಿಣಕ್ಕಿದೆ. ಹೆಸರು ಬರೆಯುವುದಿಲ್ಲ. ಸಾಲು ಪಾಪ್ಲರ್ ಮರ, ದ್ರಾಕ್ಷಿ ತೋಟ, ಮೂಡಣಕ್ಕೆ ಹಿಮದ ಬೆಟ್ಟ. ನೋಡಲು ಚಂದ. ಆದರೆ ಬೆಳಗಾದರೆ ಅಲ್ಲಿಯ ಜನ ಕೆನ್ನೆಗೆ ಕೆನ್ನೆ ಹಚ್ಚಿ ಮುತ್ತು ಕೊಡುತ್ತಾರೆ. ಗಂಡು ಹೆಣ್ಣು ಭೇದವಿಲ್ಲ. ಮೊದಲ ದಿನ ಆಫೀಸಿನ ಹೆಂಗಸು ನನ್ನ ಕಡೆ ಬಗ್ಗಿದಾಗ ನಾನು ಹಿಂದೆ ಸರಿದು ರಸಗೊಬ್ಬರದ ಚೀಲದ ಮೇಲೆ ಕುಳಿತೆ. ಎರಡನೆಯ ದಿನದಿಂದ ದೂರದಲ್ಲೇ ಕೈಮುಗಿದು ನಿಲ್ಲತೊಡಗಿದೆ. ನೀಲಾ ಮಾತ್ರ ಎರಡೂ ಕೆನ್ನೆ ಒಡ್ಡಿ, ತಿರುಗಿ ಅವರ ಗದ್ದ ಹಿಡಿದು ಲಟಿಕೆ ಮುರಿಯುತ್ತಿದ್ದಳು.

ಕ್ರಾಸಿಂಗ್ ನಡೆಯುವುದು ಬಿಳಿ ಪರದೆ ಹೊದಿಸಿದ ಮನೆಗಳಲ್ಲಿ. ಒಳಗೆ ಉಸಿರು ಕಟ್ಟುವ ಸೆಕೆ. ಏಪ್ರನ್ ಕಟ್ಟಿದ ಹೆಂಗಸರು ರೇಡಿಯೊ ಹಚ್ಚಿಕೊಂಡು ಸಾಲು ಹಿಡಿದು ಕೆಲಸ ಮಾಡುತ್ತಿದ್ದರು. ಸಂಜೆಯಾದರೆ ಬ್ರೆಡ್ಡಿಗೆ ಬೆಣ್ಣೆಹಣ್ಣನ್ನು ಚಟ್ನಿಯ ಹಾಗೆ ಸವರಿ ತಿನ್ನುವುದು, ಚಹಾ ಕುಡಿಯುವುದು. ಆ ಹೆಂಗಸರಲ್ಲಿ ಎಲಿಸಾ ಎಂಬವಳು ನೀಲಾಗೆ ಗಂಟುಬಿದ್ದಳು. ತೆಳ್ಳಗಿನ ಹುಡುಗಿ, ಇಬ್ಬರು ಮಕ್ಕಳ ತಾಯಿ, ಗಂಡ ಉತ್ತರದ ತಾಮ್ರದ ಗಣಿಯಲ್ಲಿ ದುಡಿಯುವವನು. ಅವಳ ಅಕ್ಕ ಕಾರ್ಮೆನ್ ಪಕ್ಕದ ಸಾಲಿನಲ್ಲಿದ್ದಳು. ಎಲಿಸಾ ಮತ್ತು ನೀಲಾ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ದಿನವಿಡೀ ಮಾತಾಡುತ್ತಿದ್ದರು.

ಒಂದು ಸಂಜೆ ನೀಲಾ ಹೇಳಿದಳು: “ರೀ, ಎಲಿಸಾ ಬಸುರಿ ಅದಾಳ.”

“ನಿನಗ್ಯಾರು ಹೇಳಿದ್ರು?”

“ಹೇಳಬೇಕೇನು? ಮೆಣಸಿನ ಘಮ ಹತ್ತಿದ್ರ ಹೊರಗ ಓಡ್ತಾಳ. ನಡಕ್ಕ ಕೈ ಇಟ್ಕೊಂಡು ನಿಂದರ್ತಾಳ. ಹೊಟ್ಟಿ ತೋರ್ಸಿ ಕೇಳಿದೆ. ಮಾರಿ ಕೆಂಪಾತು, ಬಾಯಿ ಮ್ಯಾಲೆ ಬೆಳ್ಳು ಇಟ್ಳು. ನಾಚ್ಕೊಂಡ್ಳು ಪಾಪ.”

ಆ ಬೆರಳಿಗೆ ಬೇರೆ ಅರ್ಥವಿದ್ದೀತೆಂದು ನನಗೂ ಹೊಳೆಯಲಿಲ್ಲ. ನಮ್ಮ ಕಡೆ ಮೂರು ತಿಂಗಳಿಗೆ ಕಳ್ಳ ಕುಬಸ ಎಂದು ಮಾಡುತ್ತಾರೆ. ನಾಲ್ಕು ಜನ ಮನೆ ಹೆಂಗಸರು ಬಾಗಿಲು ಮುಂದೆ ಮಾಡಿಕೊಂಡು ಬಸುರಿಗೆ ಉಡಿ ತುಂಬುವುದು, ಊರಿಗೆ ಸುದ್ದಿ ಹಬ್ಬಿಸದಿರುವುದು. ನೀಲಾ ಅದನ್ನೇ ಮಾಡಲು ಹೊರಟಳು. ಆದರೆ ಪರದೆ ಮನೆಗೆ ಬಾಗಿಲೆಲ್ಲಿಂದ ಬರಬೇಕು?

ಶನಿವಾರ ಪುಷ್ಪಾಜಿ ಅಂಗಡಿ ನೋಡಲು ಸಾಂತಿಯಾಗೊಕ್ಕೆ ಹೋಗಿದ್ದರು. ಕೆಲಸ ಬಿಡುವ ಹೊತ್ತಿಗೆ ನೀಲಾ ಹೆಂಗಸರನ್ನೆಲ್ಲ ಕೂಡಿಸಿದಳು. ಅಂಗಡಿಯಿಂದ ತಂದ ಅಕ್ಕಿ, ಕೊಬ್ಬರಿಯ ಬದಲಿಗೆ ಅಕ್ರೋಟು, ಹಣ್ಣಿನ ಜಾಗದಲ್ಲಿ ಬೆಣ್ಣೆಹಣ್ಣು, ಒಂದು ಹಸಿರು ಇಳಕಲ್ ಖಣ. ಎಲಿಸಾಳ ಹಣೆಗೆ ಕುಂಕುಮ ಹಚ್ಚಿ, ಏಪ್ರನ್ನಿನ ಎರಡೂ ತುದಿ ಅವಳ ಕೈಗೆ ಹಿಡಿಸಿ ತುಂಬಿದಳು. ಏನಿದು ಎಂದು ಹೆಂಗಸರು ಸನ್ನೆಯಲ್ಲಿ ಕೇಳಿದರು. ನೀಲಾ ತನ್ನ ಹೊಟ್ಟೆ ಮುಟ್ಟಿಕೊಂಡು, ಎರಡೂ ತೋಳು ಜೋಡಿಸಿ ಕೂಸು ತೂಗಿದ ಹಾಗೆ ತೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಪರದೆ ಸರಿಸಿ ನಿಂತಿದ್ದ, ಕೆಲಸ ಮಾಡಿಸುವ ಮೇಸ್ತ್ರಿಯೂ ತಟ್ಟಿದ. ಎಲಿಸಾ ಮಾತ್ರ ಏಪ್ರನ್ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದಳು. ಒಂದು ಅಕ್ರೋಟು ಉರುಳಿ ಬಿತ್ತು, ಅದನ್ನು ಅವಳು ಎತ್ತಿಕೊಳ್ಳಲಿಲ್ಲ.

ಕಾರ್ಮೆನ್ ಮನೆ

ವಾರ ತಿರುಗಿದ ಮೇಲೆ ಎಲಿಸಾ ಕೆಲಸಕ್ಕೆ ಬರುವುದು ನಿಂತಿತು. ಕಾರ್ಮೆನ್ ಬಂದವಳು ಪುಷ್ಪಾಜಿಯನ್ನು ಮರೆಗೆ ಕರೆದು ಏನೋ ಹೇಳಿದಳು. ಪುಷ್ಪಾಜಿ ನಮ್ಮ ಹತ್ತಿರ ಬಂದಾಗ ಮುಖ ಬಿಳಿಚಿಕೊಂಡಿತ್ತು. ಅವರ ಹಿಂದಿಯನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ.

“ನೀಲಾಬೆಹನ್, ಅವಳಿಗೆ ರಕ್ತ ಹೋಗುತ್ತಿದೆ. ಗರ್ಭ ಹೋಗಿದೆ. ಜ್ವರವೂ ಇದೆ. ಆಸ್ಪತ್ರೆಗೆ ಹೋಗಲು ಒಪ್ಪುತ್ತಿಲ್ಲ.”

“ಯಾಕಂತ?” ನೀಲಾ ಕನ್ನಡದಲ್ಲೇ ಕೇಳಿದಳು.

“ಹೋದರೆ ಪೊಲೀಸ್ ಬರಬಹುದು.”

ನಮಗೆ ತಲೆಬುಡ ತಿಳಿಯಲಿಲ್ಲ. ಕಾರಿನಲ್ಲಿ ಹೋಗುತ್ತ ಅವರು ಬಿಡಿಸಿ ಹೇಳಿದರು. ಆ ದೇಶದಲ್ಲಿ ಗರ್ಭ ತೆಗೆಸುವಂತಿಲ್ಲ. ಬಲಾತ್ಕಾರವಾಗಿದ್ದರೂ ಇಲ್ಲ, ಕೂಸು ಬದುಕದು ಎಂದು ಗೊತ್ತಾದರೂ ಇಲ್ಲ, ತಾಯಿಯ ಜೀವಕ್ಕೆ ಕುತ್ತಿದ್ದರೂ ಕಾನೂನಿನಲ್ಲಿ ಒಂದು ಮಾತಿನ ವಿನಾಯಿತಿ ಇಲ್ಲ. ಮುಂಚೆ ಇದ್ದ ಅಷ್ಟಿಷ್ಟು ಸಡಿಲನ್ನೂ ಮಿಲಿಟರಿ ಸರ್ಕಾರ ಹೋಗುವಾಗ ಕಿತ್ತುಹಾಕಿತ್ತು. ತೆಗೆಸಿಕೊಂಡ ಹೆಂಗಸಿಗೆ ಮೂರರಿಂದ ಐದು ವರ್ಷ ಜೈಲು. ಗರ್ಭ ತಾನಾಗಿ ಹೋದರೂ ಅನುಮಾನ ಬಂದರೆ ಆಸ್ಪತ್ರೆಯವರೇ ಠಾಣೆಗೆ ತಿಳಿಸುವುದುಂಟು. ಹಾಸಿಗೆಯ ಪಕ್ಕದಲ್ಲಿ ನಿಂತು, ಏನು ಮಾಡಿಕೊಂಡೆ ಹೇಳು, ಆಮೇಲೆ ಮದ್ದು ಕೊಡುತ್ತೇವೆ ಎಂದು ಕೇಳಿದ್ದೂ ಉಂಟಂತೆ.

“ಇದೊಂದೇ ದೇಶ ಅಲ್ಲ” ಎಂದರು ಪುಷ್ಪಾಜಿ. “ಎಲ್ ಸಾಲ್ವಡೋರಿನಲ್ಲಿ ಇದಕ್ಕಿಂತ ಬಿಗಿ. ಕೂಸು ಸತ್ತು ಹುಟ್ಟಿದರೂ ಕೊಲೆ ಎಂದು ತಾಯಿಯನ್ನು ದಶಕಗಟ್ಟಲೆ ಜೈಲಿಗೆ ಹಾಕಿದ್ದಾರೆ. ನನ್ನ ತಂಗಿ ಮನಿಲಾದಲ್ಲಿದ್ದಾಳೆ, ಅಲ್ಲೂ ಜೈಲೇ. ನಮ್ಮ ಪಕ್ಕದ ನೇಪಾಳದಲ್ಲಿ ಮೊನ್ನೆ ಮೊನ್ನೆಯವರೆಗೂ ಇದೇ ಆಗಿತ್ತಲ್ಲ.”

ನೇಪಾಳದ ಮಾತು ನನಗೆ ಗೊತ್ತಿರಲಿಲ್ಲ. ಕಾಠ್ಮಂಡುವಿಗೆ ಯಾತ್ರೆ ಹೋಗಿ ರುದ್ರಾಕ್ಷಿ ತಂದವರು ನಮ್ಮ ಓಣಿಯಲ್ಲೇ ಮೂರು ಮನೆ ಇದ್ದಾರೆ. ಅವರೂ ಹೇಳಿರಲಿಲ್ಲ. ಕಿಟಕಿಯಾಚೆ ದ್ರಾಕ್ಷಿ ತೋಟಗಳು ಮುಗಿಯದೆ ಬರುತ್ತಲೇ ಇದ್ದವು. ನನಗೆ ಮನೆ ನೆನಪಾಗಿ ಸಾಕುಸಾಕೆನಿಸಿತು.

ಎಲಿಸಾ ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ನಾನು ಹೊರಗೆ ನಿಂತೆ. ಬಾಗಿಲಿನಿಂದ ಕಂಡದ್ದು ಅವಳ ಮುಖ ಮತ್ತು ಗೋಡೆಯ ಗೂಟಕ್ಕೆ ನೇತುಹಾಕಿದ್ದ ಹಸಿರು ಖಣ. ಬಸುರಿ ಎಂದು ಗೊತ್ತಾದರೆ ಮೇಸ್ತ್ರಿ ಕೆಲಸಕ್ಕೆ ಬೇಡ ಎನ್ನುತ್ತಾನೆಂದು ಅವಳು ಯಾರಿಗೂ ಹೇಳಿರಲಿಲ್ಲ. ಈಗ ಅದಕ್ಕಿಂತ ದೊಡ್ಡ ಕಷ್ಟ ಬಂದಿತ್ತು. ಆಸ್ಪತ್ರೆಯಲ್ಲಿ, ತಾನು ಬಸುರಿ ಇದ್ದದ್ದೇ ತನಗೆ ಗೊತ್ತಿರಲಿಲ್ಲ ಎಂದರೆ ಬಿಡುತ್ತಾರೇನೋ. ಗೊತ್ತಿಲ್ಲದ್ದನ್ನು ಯಾರು ತೆಗೆಸುತ್ತಾರೆ? ಆದರೆ ಇಡೀ ಪರದೆ ಮನೆಯೇ ಚಪ್ಪಾಳೆ ತಟ್ಟಿದೆ. ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ?

ಪುಷ್ಪಾಜಿ ಇದನ್ನು ಹೇಳುತ್ತಿದ್ದಂತೆ ನೀಲಾ ಅಲ್ಲೇ ನೆಲಕ್ಕೆ ಕುಳಿತಳು. “ಅಯ್ಯೋ ಶಿವನs, ಬಾಯಿ ಮ್ಯಾಲೆ ಬೆಳ್ಳು ಇಟ್ಟಿದ್ಳು ರೀ ಆಕಿ” ಎಂದಳು.

ಗರ್ಭ ತಾನಾಗಿ ಹೋಯಿತೋ, ಎಲಿಸಾ ಏನಾದರೂ ತಿಂದಳೋ, ನಮಗೆ ಇಂದಿಗೂ ಗೊತ್ತಿಲ್ಲ. ಪುಷ್ಪಾಜಿ ಕೇಳಬೇಕೆಂದಾಗ ನೀಲಾ ತಡೆದಳು. “ಕೇಳಬ್ಯಾಡ್ರಿ. ಅದು ಆಕೀದು. ಮೊದ್ಲ ಜೀವಾ ಉಳೀಲಿ.” ಎಲಿಸಾಳ ಕೈ ಹಿಡಿದು ಕನ್ನಡದಲ್ಲೇ ಹೇಳತೊಡಗಿದಳು: “ಏಳವಾ, ಎರಡು ಮಕ್ಕಳದಾವು ನಿನಗ. ಜೈಲಿಂದ ಆದ್ರೂ ತಿರುಗಿ ಬರಬೌದು. ಸ್ಮಶಾನದಿಂದ ಬರಾಕ ಆಗೂದಿಲ್ಲ. ಏಳು.” ಪುಷ್ಪಾಜಿ ಅದನ್ನು ಸ್ಪ್ಯಾನಿಷಿಗೆ ತಿರುಗಿಸಿದರೋ ಇಲ್ಲವೋ. ಎಲಿಸಾ ಎದ್ದಳು.

ಆಸ್ಪತ್ರೆ

ಆಸ್ಪತ್ರೆಯ ಮೊಗಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ಮೇರಿ ಮಾತೆಯ ಪಟ. ಅಲ್ಲಿ ಕುಳಿತಾಗ ನನಗೆ ನಮ್ಮ ಹಾವೇರಿ ನೆನಪಾಯಿತು. ನಮ್ಮಲ್ಲಿ ಕಾಯ್ದೆ ಬಂದು ಎಷ್ಟೋ ವರ್ಷ. ಕಾರಣವಿದ್ದರೆ ಡಾಕ್ಟರು ಗರ್ಭ ತೆಗೆಯಬಹುದು. ಬೆಳೆದ ಹೆಂಗಸಿನ ಒಪ್ಪಿಗೆಯೊಂದೇ ಸಾಕು ಎಂದು ಆ ಕಾಯ್ದೆಯಲ್ಲೇ ಇದೆಯಂತೆ. ಆದರೆ ಕುಪ್ಪೇಲೂರಿನ ನಮ್ಮ ಪ್ಲಾಟಿನ ಒಬ್ಬಳನ್ನು ನೀಲಾ ಕರೆದುಕೊಂಡು ಹೋದಾಗ ದವಾಖಾನೆಯಲ್ಲಿ ಮೊದಲು ಕೇಳಿದ್ದು, ಗಂಡ ಎಲ್ಲಿ, ಅವನ ಸಹಿ ಎಲ್ಲಿ ಎಂದು. ಅದೇ ದವಾಖಾನೆ ಓಣಿಯ ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ, ಇಲ್ಲಿ ಗಂಡೋ ಹೆಣ್ಣೋ ಎಂದು ಹೇಳಲಾಗುವುದಿಲ್ಲ ಎಂಬ ಬೋರ್ಡು. ಹೆಣ್ಣು ಎಂದು ತಿಳಿದರೆ ತೆಗೆಸು ಎಂದು ಬೆನ್ನು ಹತ್ತುವವರಿರುವುದಕ್ಕೇ ಆ ಬೋರ್ಡು. ನಾವು ಚಿಲಿಯವರಿಗೆ ಬುದ್ಧಿ ಹೇಳುವಷ್ಟು ಚಂದ ಇದ್ದೇವೆಂದು ನನಗೇನೂ ಅನಿಸಲಿಲ್ಲ.

ಎಲಿಸಾಳನ್ನು ಒಳಗೆ ಒಯ್ದು ಬಹಳ ಹೊತ್ತಾದ ಮೇಲೆ ಹಸಿರು ಸಮವಸ್ತ್ರದ ಒಬ್ಬ ಪೊಲೀಸ್ ಹೆಣ್ಣುಮಗಳು ಬಂದಳು. ಮೂವತ್ತು ಮುಟ್ಟಿರಲಿಕ್ಕಿಲ್ಲ. ಒಳಗೆ ಹೋಗಿ ಬಂದು ನಮ್ಮ ಮುಂದೆ ನಿಂತಳು. ಪರದೆ ಮನೆಯಲ್ಲೂ ವಿಚಾರಿಸಿಯೇ ಬಂದಿದ್ದಳು.

ಪುಷ್ಪಾಜಿ ತಗ್ಗಿದ ದನಿಯಲ್ಲಿ ಹೇಳಿದರು: “ಬಸುರಿ ಇದ್ದದ್ದು ತನಗೆ ಗೊತ್ತಿರಲಿಲ್ಲ ಎಂದು ಎಲಿಸಾ ಹೇಳಿದ್ದಾಳಂತೆ. ಆದರೆ ಇಂಡಿಯಾದ ಹೆಂಗಸು ಎಲ್ಲರ ಮುಂದೆ ಕೂಸಿನ ಉಡುಗೊರೆ ಕೊಟ್ಟಳು ಎಂದು ಮೇಸ್ತ್ರಿ ಹೇಳಿದನಂತೆ. ಹೌದೇ ಎಂದು ಕೇಳುತ್ತಿದ್ದಾಳೆ.”

ನೀಲಾಗೆ ಸುಳ್ಳು ಹೇಳಿ ರೂಢಿ ಇಲ್ಲ. ಬಸ್ಸಿನಲ್ಲಿ ಮೊಮ್ಮಗನ ವಯಸ್ಸನ್ನು ಒಂದು ತಿಂಗಳೂ ಕಡಿಮೆ ಮಾಡದೆ ಹೇಳಿ ಟಿಕೀಟು ತೆಗೆಸುವವಳು. ಅವಳು ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ಕೂಸಿನ ಉಡುಗೊರೆ ಅಲ್ರಿ ಅದು. ಉಡಿ ಅಂತಾರ ಅದಕ್ಕ. ನಮ್ಮ ಕಡೆ ಮನಿಗೆ ಬಂದ ಮುತ್ತೈದಿ, ನಾವು ಹೋದ ಮನಿ ಮುತ್ತೈದಿ, ಎಲ್ಲಾರಿಗೂ ತುಂಬ್ತೇವಿ. ನಿನ್ನ ಮನಿ ತುಂಬಿರಲಿ ಅಂತ ಹರಸೂದು. ಬಸುರಿ ಇರ್ಲಿ, ಬಿಡ್ಲಿ. ಕೇಳ್ರಿ ಇವ್ರನ್ನ, ಹಾವೇರಿ ಡಾಕ್ಟರ ಹೆಂಡ್ತಿಗೂ ತುಂಬೇನಿ. ಆಕೀಗೆ ಅರವತ್ತು ವರ್ಷ.”

ಹೌದೆಂದು ನಾನು ತಲೆಯಾಡಿಸಿದೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ತೋಳು ಜೋಡಿಸಿ ಕೂಸು ತೂಗಿದ್ದನ್ನು ಮಾತ್ರ ಅವಳು ಹೇಳಲಿಲ್ಲ.

ಪುಷ್ಪಾಜಿ ಹೇಳಿ ಮುಗಿಸಿದರು. ಆ ಹೆಣ್ಣುಮಗಳು ಕಣ್ಣು ಕಿರಿದು ಮಾಡಿ ಏನೋ ಅಂದಳು. “ಹಾಗಾದರೆ ನನಗೂ ತುಂಬುತ್ತೀರಾ ಎನ್ನುತ್ತಾಳೆ” ಎಂದರು ಪುಷ್ಪಾಜಿ. ಅದು ಪರೀಕ್ಷೆಯೆಂದು ನನಗೆ ತಿಳಿಯಿತು. ನೀಲಾಗೆ ಮಾತ್ರ ಅದು ಬರಿಯ ಪ್ರಶ್ನೆ.

“ಮದಿವಿ ಆಗೇತೇನ್ರಿ ಆಕೀದು?”

“ಆಗಿದೆ. ಗಂಡ ಬಿಟ್ಟು ಹೋಗಿದ್ದಾನೆ. ಗಂಡ ಹೆಂಡತಿಯನ್ನು ಬಿಡಿಸುವ ಸೋಡಚೀಟಿ ಕಾಯ್ದೆ ಇಲ್ಲಿಗೆ ಬಂದದ್ದೇ ಈಚೆಗೆ, ಇನ್ನೂ ಸಿಕ್ಕಿಲ್ಲವಂತೆ.”

ನೀಲಾ ಒಂದು ಗಳಿಗೆ ಯೋಚಿಸಿದಳು. “ಎಲ್ಲೋ ಒಂದು ಕಡೆ ಅದಾನಲ್ಲ. ನಡೀತೈತಿ.” ಕೈಚೀಲದಿಂದ ಕುಂಕುಮದ ಡಬ್ಬಿ, ಒಂದು ಖಣ, ಉಳಿದ ಅಕ್ಕಿ ಅಕ್ರೋಟಿನ ಪೊಟ್ಟಣ ತೆಗೆದಳು. ಸೆರಗಿಲ್ಲ, ಏಪ್ರನ್ ಇಲ್ಲ, ಎಲ್ಲಿಗೆ ಹಾಕಬೇಕು ಎಂದು ಸುತ್ತ ನೋಡಿದಳು. ಆ ಹೆಣ್ಣುಮಗಳು ತಲೆಯ ಮೇಲಿನ ಪೊಲೀಸ್ ಟೊಪ್ಪಿಗೆ ತೆಗೆದು ಬಟ್ಟಲಿನ ಹಾಗೆ ಅಂಗಾತ ಹಿಡಿದಳು. ನೀಲಾ ಅವಳ ಹಣೆಗೆ ಕುಂಕುಮ ಹಚ್ಚಿ, ಟೊಪ್ಪಿಗೆಯ ತುಂಬ ಅಕ್ಕಿ ಹಾಕಿ, ಖಣ ಇಟ್ಟು, ಗದ್ದ ಮುಟ್ಟಿ ಲಟಿಕೆ ಮುರಿದಳು. ಆಮೇಲೆ ತನ್ನ ಕಣ್ಣೊರೆಸಿಕೊಂಡಳು. ಕಾರ್ಮೆನ್ ಗೋಡೆಗೆ ಆನಿಕೊಂಡು ನೋಡುತ್ತಿದ್ದಳು.

ಪೊಲೀಸಿನವಳು ಟೊಪ್ಪಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಮೆಲ್ಲಗೆ ಏನೋ ಹೇಳಿ ಹೊರಟಳು. “ಇದು ನಿಮ್ಮ ದೇಶದ ಪದ್ಧತಿ ಎಂದೇ ಬರೆಯುತ್ತೇನೆ, ಮುಂದಿನದು ನನ್ನ ಕೈಯಲ್ಲಿಲ್ಲ ಎಂದಳು” ಎಂದರು ಪುಷ್ಪಾಜಿ.

ಬ್ಯಾಡಗಿ

ಬಂದ ಮೇಲೆ ಪುಷ್ಪಾಜಿಯ ಫೋನು ಆಗಾಗ ಬರುತ್ತಿತ್ತು. ಎಲಿಸಾ ಉಳಿದಳು. ಮನೆಗೆ ಬಂದಳು, ಮಕ್ಕಳೊಂದಿಗೆ ಇದ್ದಾಳೆ. ಅವಳನ್ನು ಜೈಲಿಗೆ ಹಾಕಿಲ್ಲ. ಆದರೆ ಕೇಸು ಮುಗಿದಿದೆ ಎಂದೂ ಯಾರೂ ಹೇಳುತ್ತಿಲ್ಲ, ಕರೆದಾಗ ಬರಬೇಕು ಎಂದಿದ್ದಾರೆ. ಪರದೆ ಮನೆಯಲ್ಲಿ ಮತ್ತೆ ಕೆಲಸ ಕೊಟ್ಟಿಲ್ಲ. ಬೀಜ ಮಾತ್ರ ಚೆನ್ನಾಗಿ ಬಂದಿತು ಎಂದು ನಮ್ಮ ಮಾಲೀಕರು ಖುಷಿಯಲ್ಲಿದ್ದರು. ನನಗೆ ಆ ಖುಷಿ ಹತ್ತಲಿಲ್ಲ. ಮುಂದಿನ ಸಲವೂ ನೀವೇ ಹೋಗಿ ಎಂದಾಗ ಮಂಡಿ ತೋರಿಸಿದೆ. ನೀಲಾ ಬಹಳ ದಿನ ಯಾರಿಗೂ ಉಡಿ ತುಂಬಲಿಲ್ಲ. ಕೇಳಿದರೆ, ಖಣ ತೀರಿದವು ಎನ್ನುತ್ತಿದ್ದಳು. ಕಪಾಟಿನಲ್ಲಿ ಕಟ್ಟು ಹಾಗೇ ಇತ್ತು.

ಮೆಣಸಿನಕಾಯಿ ಸುಗ್ಗಿ ಮುಗಿಯುವ ಹೊತ್ತಿಗೆ ಬ್ಯಾಡಗಿಯಲ್ಲಿರುವ ನನ್ನ ತಮ್ಮನ ಮನೆಯಿಂದ ಕರೆ ಬಂತು. ಅವನ ಸೊಸೆ ಶ್ವೇತಾಗೆ ಕಳ್ಳ ಕುಬಸ. ಮೊದಲನೆಯ ಹೆಣ್ಣು ಕೂಸಿಗೆ ಇನ್ನೂ ಹಲ್ಲು ಬರುತ್ತಿದ್ದವು. ಹಿರಿಯಳಾದ್ದರಿಂದ ನೀಲಾಳೇ ಮೊದಲು ಉಡಿ ತುಂಬಬೇಕು. ಹೆಂಗಸರು ನಡುಮನೆಯ ಬಾಗಿಲು ಮುಂದೆ ಮಾಡಿಕೊಂಡರು. ನಾನೂ ನನ್ನ ತಮ್ಮನೂ ಪಡಸಾಲೆಯಲ್ಲಿ ಕುಳಿತಿದ್ದೆವು. ಒಳಗಿನ ಮಾತು ಸ್ವಚ್ಛ ಕೇಳುತ್ತಿತ್ತು.

“ತುಂಬಕ್ಕಾ, ಹೊತ್ತಾತು. ಈ ಸಲಾ ಗಂಡs ಆಗ್ಲಿ ಅಂತ ಹರಸು” ಎಂದಳು ನನ್ನ ತಮ್ಮನ ಹೆಂಡತಿ.

ಬಳೆಗಳ ಸಪ್ಪಳ ನಿಂತಿತು. ಆಮೇಲೆ ನೀಲಾಳ ದನಿ: “ಶ್ವೇತಾ, ತುಂಬ್ಲೇನವಾ? ನಿನಗ ಬೇಕಾಗೇತೇನು?”

ಹೆಂಗಸರೆಲ್ಲ ನಕ್ಕರು. “ಅಯ್ಯ, ಅದನ್ನ್ಯಾಕ ಕೇಳ್ತೀಯಕ್ಕಾ? ಬ್ಯಾಡ ಅಂತಾಳೇನು ಆಕಿ?”

“ನಿನ್ನ ಕೇಳಿಲ್ಲ ನಾನು. ಆಕೀನ್ನ ಕೇಳೇನಿ.”

ನಗು ನಿಂತಿತು. ನನ್ನ ತಮ್ಮ ಏನೋ ಅನ್ನಲು ಗಂಟಲು ಸರಿಮಾಡಿಕೊಂಡ. ನಾನು ಅವನ ಮೊಣಕಾಲ ಮೇಲೆ ಕೈಯಿಟ್ಟೆ. ಒಳಗೆ ಯಾರೋ “ಲಗೂ ತುಂಬ್ರಿ” ಎಂದರು. ಬಹಳ ಹೊತ್ತಿನ ಮೇಲೆ ಶ್ವೇತಾಳ ಅಳು ಬೆರೆತ ಸಣ್ಣ ದನಿ ಬಂತು.

“ಒಂದೀಟು ತಡೀರಿ ದೊಡ್ಡತ್ತಿ.”

“ತಡೀತೇನಿ ತಗೋ” ಎಂದಳು ನೀಲಾ. ಮಣೆ ಎಳೆದುಕೊಂಡು ಅವಳ ಪಕ್ಕದಲ್ಲಿ ಕುಳಿತ ಸಪ್ಪಳ ಕೇಳಿಸಿತು.